ಕಡಲತೋಳಿನ ತುದಿಯ ಹಳ್ಳಿ
(ಸ್ಕಾಟ್ಲೆಂಡಿನ ಕೇರ್ನ್‌ಡೌ ಗ್ರಾಮದ ಜೀವನೋಪಾಯಗಳು)

ವ್ಯವಸಾಯವೆಂದ ಕೂಡಲೆ ಉತ್ತ ಹೊಲವೂ, ನೇಗಿಲೂ, ಕಣದಲ್ಲಿ ರಾಶಿಯಾದ ಧಾನ್ಯವೂ ಮನಸ್ಸಿಗೆ ಬರುವುದು ಸಹಜವು. ಆದರೆ ಉಳುವುದಕ್ಕೆ ಯೋಗ್ಯವಾದ ಭೂಮಿಯೇ ಇಲ್ಲದ ಸ್ಥಳದಲ್ಲಿ ಜನರು ಹೇಗೆ ಬಾಳುತ್ತಾರೆ? ನೆಲವು ಅನ್ನ ಕೊಡದಿದ್ದಾಗ ಊರನ್ನು ಬಿಟ್ಟು ಪಟ್ಟಣಕ್ಕೆ ಹೋಗುವುದೊಂದೇ ದಾರಿಯೆ? ಈ ಪ್ರಶ್ನೆಗೆ ಸ್ಕಾಟ್ಲೆಂಡು ದೇಶದ ಪಶ್ಚಿಮ ತೀರದ ಒಂದು ಚಿಕ್ಕ ಹಳ್ಳಿಯು ಎರಡು ಶತಮಾನಗಳಿಗೂ ಹೆಚ್ಚು ಕಾಲದಿಂದ ತನ್ನದೇ ಆದ ಉತ್ತರವನ್ನು ಹುಡುಕುತ್ತ ಬಂದಿದೆ. ಆ ಹಳ್ಳಿಯ ಹೆಸರು ಕೇರ್ನ್‌ಡೌ. ಅದರ ವೃತ್ತಾಂತವು ವ್ಯವಸಾಯಗಾರರು ವಿಚಾರಮಾಡತಕ್ಕ ಕೆಲವು ಸಂಗತಿಗಳನ್ನು ಒಳಗೊಂಡಿರುವುದರಿಂದ ಇಲ್ಲಿ ವಿವರಿಸಲಾಗಿದೆ.

ಸ್ಥಳ ಮತ್ತು ಹವಾಗುಣ

ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಸಮುದ್ರವು ಬೆಟ್ಟಗಳ ನಡುವೆ ಉದ್ದನೆಯ ತೋಳುಗಳಂತೆ ಒಳನಾಡಿಗೆ ಚಾಚಿಕೊಂಡಿದೆ. ಪೂರ್ವಕಾಲದಲ್ಲಿ ಹಿಮನದಿಗಳು ಕಣಿವೆಗಳನ್ನು ಆಳವಾಗಿ ಕೊರೆದು ಹೋದ ಬಳಿಕ ಅವುಗಳಲ್ಲಿ ಸಮುದ್ರದ ನೀರು ತುಂಬಿಕೊಂಡುದರಿಂದ ಇವು ಉಂಟಾದುವು. ಆ ದೇಶದವರು ಸಿಹಿನೀರಿನ ಸರೋವರವನ್ನೂ ಇಂಥ ಕಡಲತೋಳನ್ನೂ 'ಲಾಖ್' ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಕಡಲತೋಳುಗಳೊಳಗೆ ಅತ್ಯಂತ ಉದ್ದವಾದುದು ಆರ್ಗೈಲ್ ಪ್ರಾಂತದಲ್ಲಿರುವ ಲಾಖ್ ಫೈನ್. ಇದರ ಉದ್ದ ಸುಮಾರು 40 ಮೈಲಿ. ಇದರ ಮೇಲ್ತುದಿಯಲ್ಲಿ ಫೈನ್ ಮತ್ತು ಕಿಂಗ್ಲಸ್ ಎಂಬ ಎರಡು ಸಣ್ಣ ಹೊಳೆಗಳು ಬೆಟ್ಟದಿಂದಿಳಿದು ಕಡಲನ್ನು ಸೇರುವ ಪ್ರದೇಶದಲ್ಲಿ ಕೇರ್ನ್‌ಡೌ ಇದೆ. ಗೇಲಿಕ್ ಭಾಷೆಯಲ್ಲಿ ಈ ಹೆಸರಿಗೆ 'ಕರಿಯ ಕಲ್ಲುಗುಪ್ಪೆ' ಎಂದರ್ಥ. ಒಂದು ಚರ್ಚು, ಒಂದು ಹಳೆಯ ತಂಗುಮನೆ, ನೀರಿನ ಅಂಚಿನಲ್ಲಿ ಸಾಲಾಗಿ ನಿಂತ ಕೆಲವು ಮನೆಗಳು, ಆಚೆ ತೀರದಲ್ಲಿ ಕ್ಲಾಖನ್ ಎಂಬ ಒಕ್ಕಲು ಕಟ್ಟಡಗಳ ಗುಂಪು, ಊರೆಂದರೆ ಇಷ್ಟೆ. ಈಗಿನ ಚರ್ಚನ್ನು 1816ನೆಯ ಇಸವಿಯಲ್ಲಿ ಕಟ್ಟಿದರು. 1818ರಲ್ಲಿ ಕಾಲ್ನಡೆಯಾಗಿ ದೇಶಸಂಚಾರಕ್ಕೆ ಹೊರಟಿದ್ದ ಇಂಗ್ಲಿಷ್ ಕವಿ ಜಾನ್ ಕೀಟ್ಸನು ಇಲ್ಲಿಗೆ ಬಂದು ಈ ಕಡಲತೋಳಿನಲ್ಲಿ ಸ್ನಾನಮಾಡಿದನು.

ಇಲ್ಲಿಯ ಬೆಟ್ಟಗಳು ನೀರಿನಂಚಿನಿಂದಲೇ ಕಡಿದಾಗಿ ಏರುತ್ತವೆ. ಫೈನ್ ಕಣಿವೆಯ ಮೇಲಿರುವ ಬೆನ್ ವೂಯೀ ಶಿಖರವು 3,000 ಅಡಿಗಿಂತ ಎತ್ತರವಾಗಿದೆ. ಸಾಗರದ ಮೇಲಿಂದ ಬೀಸುವ ತೇವದ ಗಾಳಿಯು ಈ ಬೆಟ್ಟಗಳಿಗೆ ತಾಕಿ ವರ್ಷದಲ್ಲಿ ಸುಮಾರು 80 ಅಂಗುಲಕ್ಕೆ ಮೇಲ್ಪಟ್ಟು ಮಳೆ ಸುರಿಸುತ್ತದೆ. ಮಳೆಯು ಒಂದು ಋತುವಿಗೆ ಸೇರಿದುದಲ್ಲ, ವರ್ಷವೆಲ್ಲ ಬರುತ್ತದೆ. ಇದರ ಪರಿಣಾಮವಾಗಿ ಮಣ್ಣಿನ ಸತ್ವವು ತೊಳೆದುಹೋಗಿ ಭೂಮಿಯು ಹುಳಿಯಾಗಿದೆ. ಇಳಿಜಾರುಗಳಲ್ಲಿ ನೀರು ನಿಂತು, ಸತ್ತ ಗಿಡಗಂಟಿಗಳು ಪೂರ್ತಿ ಕೊಳೆಯದೆ, 'ಪೀಟ್' ಎಂಬ ಕಪ್ಪು ಸಸ್ಯಮಣ್ಣಾಗಿ ಶೇಖರವಾಗುತ್ತವೆ. ಬೇಸಗೆಯು ತಂಪು, ಪೈರು ಮಾಗುವುದಕ್ಕೆ ಬೇಕಾದ ಬಿಸಿಲು ಸಾಲದು. ಸಮುದ್ರವು ಬೆಚ್ಚಗಿರುವುದರಿಂದ ಚಳಿಗಾಲವು ಮಾತ್ರ ಅಷ್ಟೊಂದು ಕಠಿನವಲ್ಲ. ಸಾರಾಂಶವೇನೆಂದರೆ, ಧಾನ್ಯಕ್ಕೆ ಪ್ರತಿಕೂಲವಾದ ಈ ಸ್ಥಳವು ಹುಲ್ಲಿಗೂ ಮರಕ್ಕೂ ನೀರಿಗೂ ಅನುಕೂಲವಾಗಿದೆ. ಇಲ್ಲಿಯ ಜನರ ಚರಿತ್ರೆಯೆಲ್ಲವೂ ಈ ಒಂದು ಮಾತಿನಲ್ಲಿ ಅಡಕವಾಗಿದೆ.

ಹಿಂದಿನ ಬೇಸಾಯ ಮತ್ತು ಕುರಿಗಳ ಆಗಮನ

ಹದಿನೆಂಟನೆಯ ಶತಮಾನದ ಮಧ್ಯದವರೆಗೆ ಈ ಸೀಮೆಯಲ್ಲಿ ಕೆಲವು ಸಂಸಾರಗಳು ಒಂದುಗೂಡಿ ಒಂದು ಹಿಡುವಳಿಯನ್ನು ಗೇಣಿಗೆ ಹಿಡಿದು ಸಾಗುವಳಿ ಮಾಡುತ್ತಿದ್ದರು. ಕಣಿವೆಯ ತಳದ ಅಲ್ಪ ನೆಲದಲ್ಲಿ ಓಟ್ಸ್ ಮತ್ತು ಬಾರ್ಲಿಯನ್ನು ಬಿತ್ತುತ್ತಿದ್ದರು. ಬೇಸಗೆಯಲ್ಲಿ ಹೆಂಗಸರೂ ಮಕ್ಕಳೂ ದನಗಳನ್ನು ಬೆಟ್ಟದ ಮೇಲಣ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಅಲ್ಲಿ ಸಣ್ಣ ಗುಡಿಸಲುಗಳಲ್ಲಿ ವಾಸಿಸಿ ಬೆಣ್ಣೆ ಗಿಣ್ಣುಗಳನ್ನು ಮಾಡುತ್ತಿದ್ದರು. ಹೀಗೆ ಮಾಡಿದುದರಿಂದ ತಳದಲ್ಲಿದ್ದ ಪೈರಿಗೆ ದನಗಳ ಕಾಟ ತಪ್ಪುತ್ತಿತ್ತು. ಮೇಲಣ ಹುಲ್ಲೂ ವ್ಯರ್ಥವಾಗುತ್ತಿರಲಿಲ್ಲ. ಗೇಣಿಯ ಹಣಕ್ಕೆ ಮುಖ್ಯವಾದ ಆಧಾರವೆಂದರೆ ದಕ್ಷಿಣದ ಸಂತೆಗಳಿಗೆ ಹೊಡೆಯಿಸಿ ಮಾರುತ್ತಿದ್ದ ದನಗಳೇ.

ಆ ಬಳಿಕ ಜಮೀನುದಾರರು ಹೆಚ್ಚು ಗೇಣಿ ಕೊಡಬಲ್ಲ ಕುರಿಗಾರರಿಗೆ ಬೆಟ್ಟಗಳನ್ನು ವಹಿಸಿಕೊಡಲಾರಂಭಿಸಿದರು. ಕಪ್ಪುಮುಖದ, ಒರಟು ಉಣ್ಣೆಯ ಕುರಿಗಳು ದಕ್ಷಿಣದಿಂದ ಬಂದುವು. ಅನೇಕ ಸಂಸಾರಗಳು ಸಾಗುವಳಿ ಮಾಡುತ್ತಿದ್ದ ಸ್ಥಳಕ್ಕೆ ಒಬ್ಬ ಗೇಣಿದಾರನೂ ಕೆಲವರು ಕಾವಲುಗಾರರೂ ಸಾಕಾದರು. ಸ್ಕಾಟ್ಲೆಂಡಿನ ಮಲೆನಾಡಿನಲ್ಲೆಲ್ಲ ನಡೆದ ಈ ಬದಲಾವಣೆಯಿಂದ ಜಮೀನುದಾರರ ವರಮಾನವು ಹೆಚ್ಚಿತು, ಜನಸಂಖ್ಯೆಯು ಕುಗ್ಗಿತು. ಕಣಿವೆಗಳಲ್ಲಿ ಇಂದಿಗೂ ಕಾಣುವ ಕುಸಿದ ಕಲ್ಲುಗೋಡೆಗಳು ಆಗ ಹೊರಟುಹೋದವರ ಮನೆಗಳವು. ಹುಟ್ಟುವಳಿಯು ಹೆಚ್ಚಿದ ಮಾತ್ರಕ್ಕೆ ಊರು ಬೆಳೆಯಿತೆಂದು ಹೇಳಲಾಗದೆಂಬುದಕ್ಕೆ ಇದೊಂದು ನಿದರ್ಶನವು.

ಬೆಟ್ಟದ ಕುರಿ ಸಾಕಣೆಯ ಕ್ರಮ

ಆದರೂ ಈ ಕುರಿ ಸಾಕಣೆಯಲ್ಲಿ ತಿಳಿಯತಕ್ಕ ಜಾಣತನವಿದೆ. ಬೆಟ್ಟಕ್ಕೆ ಬೇಲಿಯಿಲ್ಲ. ಆದಾಗ್ಯೂ ಕುರಿಗಳು ಬೇಕಾದಲ್ಲಿಗೆ ಚದರಿಹೋಗುವುದಿಲ್ಲ. ಹೆಣ್ಣುಮರಿಯು ತಾಯಿಯ ಬೆನ್ನಹಿಂದೆ ಮೇಯುತ್ತ ತನ್ನ ಹಿಂಡಿಗೆ ಸೇರಿದ ಮೇವಿನ ಎಲ್ಲೆಯನ್ನೂ, ಗಾಳಿಮಳೆಗೆ ಮರೆಯಾಗುವ ಸ್ಥಳಗಳನ್ನೂ ಕಲಿತುಕೊಳ್ಳುತ್ತದೆ. ಮುಂದೆ ತನ್ನ ಮರಿಗೂ ಅದನ್ನೇ ಕಲಿಸುತ್ತದೆ. ಹೀಗೆ ನೆಲಕ್ಕೆ ಅಂಟಿಕೊಂಡ ಹಿಂಡನ್ನು ಬೇರೆಡೆಗೆ ಸಾಗಿಸಿ ಹೊಸ ಹಿಂಡನ್ನು ತಂದರೆ, ಹೊಸ ಕುರಿಗಳಿಗೆ ಈ ಅಭ್ಯಾಸವನ್ನು ಮಾಡಿಸುವುದಕ್ಕೆ ವರ್ಷಗಳೇ ಬೇಕು. ಆದುದರಿಂದ ಬೆಟ್ಟದ ಗೇಣಿಯು ಕೈಬದಲಾಯಿಸುವಾಗ ಹಿಂಡನ್ನು ಅಲ್ಲಿಯೇ ಬಿಟ್ಟು, ಬೆಲೆಕಟ್ಟಿಸಿ, ಹೊಸ ಗೇಣಿದಾರನಿಗೆ ಒಪ್ಪಿಸುವ ಪದ್ಧತಿ ಬಂದಿದೆ. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ಜ್ವರವು ಹರಡಿ ಉತ್ತರ ಇಂಗ್ಲೆಂಡಿನ ಬೆಟ್ಟಗಳಲ್ಲಿ ಇಂಥ ಹಿಂಡುಗಳನ್ನು ಕೊಲ್ಲಬೇಕಾಗಿ ಬಂದಾಗ, ಕುರಿಗಳೊಡನೆ ಹೋದ ಈ ಅನುಭವಕ್ಕೆ ಬೆಲೆಕಟ್ಟುವುದು ಕಷ್ಟವೆಂದು ಎಲ್ಲರಿಗೂ ಮನವರಿಕೆಯಾಯಿತು.

ಬೆಟ್ಟದ ಕುರಿಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ಗಂಡುಮರಿಗಳನ್ನು ಶರತ್ಕಾಲದಲ್ಲಿ ತಗ್ಗುಸೀಮೆಯ ರೈತರಿಗೆ ಮಾರುತ್ತಾರೆ. ಅವರು ಅವನ್ನು ಒಳ್ಳೆಯ ಮೇವಿನಲ್ಲಿ ಕೊಬ್ಬಿಸುತ್ತಾರೆ. ಉಣ್ಣೆಯು ಒರಟಾದುದರಿಂದ ರತ್ನಗಂಬಳಿಗಳಿಗೆ ಹೆಚ್ಚಾಗಿ ಸಲ್ಲುತ್ತದೆ. ಆದಾಯವು ಅಲ್ಪ. 1946ರ ಬೆಟ್ಟದ ಬೇಸಾಯದ ಕಾನೂನು ಮೊದಲುಗೊಂಡು ಸರ್ಕಾರದ ಸಹಾಯಧನವು ಒಂದಲ್ಲ ಒಂದು ರೂಪದಲ್ಲಿ ಈ ವೃತ್ತಿಯನ್ನು ಎತ್ತಿಹಿಡಿದಿದೆ. ಇದಲ್ಲದೆ ಕುರಿಯು ಎಳೆಯ ಹುಲ್ಲನ್ನು ಆರಿಸಿ ಮೇಯುತ್ತದೆಯೇ ಹೊರತು ದನಗಳಂತೆ ಒರಟು ಗಿಡಗಳನ್ನು ತುಳಿದು ಅಡಗಿಸುವುದಿಲ್ಲ. ದನಗಳು ಕಡಮೆಯಾದಲ್ಲೆಲ್ಲ 'ಬ್ರಾಕನ್' ಎಂಬ ವಿಷಯುಕ್ತವಾದ ಜರಿಗಿಡವು ಹಬ್ಬಿ ಒಳ್ಳೆಯ ಹುಲ್ಲನ್ನು ನುಂಗಿದೆ. ಒಂದೇ ಜಾತಿಯ ಪಶುವನ್ನು ಬಹುಕಾಲ ಮೇಯಿಸಿದರೆ ಗೋಮಾಳವು ಕೆಡುವುದೆಂಬುದು ಇದರಿಂದ ವ್ಯಕ್ತಪಡುತ್ತದೆ.

ಮಳೆಯಿಂದ ಬಂದ ಎರಡು ಬೆಳೆಗಳು

ಧಾನ್ಯವನ್ನು ಕೆಡಿಸುವ ಮಳೆಯೇ ಮರಗಳಿಗೆ ಸಂಜೀವಿನಿಯಾಯಿತು. ಇಲ್ಲಿಯ ಆರ್ಡ್‌ಕಿಂಗ್ಲಸ್ ಜಹಗೀರಿನ ತೋಪಿನಲ್ಲಿ ಉತ್ತರ ಅಮೆರಿಕದಿಂದ ತಂದ ಒಂದು ಫರ್ ಮರವನ್ನು 1875ರಲ್ಲಿ ನೆಟ್ಟರು. ಅದು 200 ಅಡಿಗಿಂತ ಎತ್ತರಕ್ಕೆ ಬೆಳೆದು, ಒಂದು ಕಾಲದಲ್ಲಿ ಬ್ರಿಟನ್ನಿನಲ್ಲಿಯೇ ಅತ್ಯಂತ ಎತ್ತರವಾದ ಮರವೆಂದು ಲೆಕ್ಕಕ್ಕೆ ಬಂದಿತು. 1919ರಲ್ಲಿ ಸರ್ಕಾರದ ಅರಣ್ಯ ಮಂಡಲಿಯು ಸ್ಥಾಪಿತವಾದಮೇಲೆ ಆರ್ಗೈಲಿನ ಬೆಟ್ಟಗಳಲ್ಲಿ ವಿಸ್ತಾರವಾಗಿ ಸಿಟ್ಕಾ ಸ್ಪ್ರೂಸ್ ಎಂಬ ಮರವನ್ನು ಬೆಳೆಸಲಾಯಿತು. ಇದೂ ಅಮೆರಿಕದ ಪಶ್ಚಿಮ ತೀರದ್ದು. ತೇವವನ್ನೂ ಹುಳಿಮಣ್ಣನ್ನೂ ತಾಳಿಕೊಂಡು ಸುಮಾರು 40 ವರ್ಷಗಳಲ್ಲಿ ಕಡಿಯುವುದಕ್ಕೆ ಬರುತ್ತದೆ.

ಎರಡನೆಯದು ವಿದ್ಯುಚ್ಛಕ್ತಿ. 1943ರ ಕಾನೂನಿನಂತೆ ಉತ್ತರ ಸ್ಕಾಟ್ಲೆಂಡಿನ ಜಲವಿದ್ಯುತ್ ಮಂಡಲಿಯು ಏರ್ಪಟ್ಟಿತು. ಅದು ಪಕ್ಕದ ಶಿರಾ ಕಣಿವೆಯ ಮೇಲ್ಭಾಗದಲ್ಲಿ ಕಟ್ಟೆ ಕಟ್ಟಿ ನೀರನ್ನು ನಿಲ್ಲಿಸಿ, ಬೆಟ್ಟದೊಳಗೆ ಸುರಂಗ ತೋಡಿ, 900 ಅಡಿಗೂ ಹೆಚ್ಚಿನ ಎತ್ತರದಿಂದ ಈ ಕಡಲತೋಳಿನ ತುದಿಗೆ ಇಳಿಸಿತು. ಇಲ್ಲಿಯ ಕ್ಲಾಖನ್ ವಿದ್ಯುದಾಗಾರವು 1955ರಲ್ಲಿ ಕೆಲಸ ಆರಂಭಿಸಿತು. ಇದರ ಶಕ್ತಿ 40,000 ಕಿಲೋವ್ಯಾಟ್. ಯಂತ್ರಶಾಲೆಯು ನೆಲದೊಳಗಿರುವುದರಿಂದ ದಾರಿಹೋಕರಿಗೆ ಕಾಣುವುದೂ ಇಲ್ಲ. ಆದರೆ ಇಂಥ ಕಾಮಗಾರಿಯು ಕಟ್ಟುವಾಗ ನೂರಾರು ಕೈಗಳಿಗೆ ಕೆಲಸ ಕೊಟ್ಟರೂ, ಕಟ್ಟಿ ಮುಗಿದಮೇಲೆ ಕೆಲವೇ ಮಂದಿಯಿಂದ ನಡೆಯುತ್ತದೆ. ಅರಣ್ಯವೂ ಹಾಗೆಯೇ. ಮರ ಮತ್ತು ವಿದ್ಯುತ್ತು ಊರಿನಿಂದ ಹೊರಕ್ಕೆ ಹೋದುವು. ಊರಿನೊಳಗೆ ಉಳಿದುದು ಸ್ವಲ್ಪವೆ.

ಕಡಲಿನ ಹಳೆಯ ಬೆಳೆ: ಹೆರಿಂಗ್ ಮೀನು

ಲಾಖ್ ಫೈನ್ ಹಿಂದೆ ಹೆರಿಂಗ್ ಮೀನಿಗೆ ಹೆಸರಾಗಿದ್ದಿತು. ಸಮೀಪದ ಇನ್‌ವರೇರಿ ಪಟ್ಟಣದ ಲಾಂಛನದಲ್ಲಿಯೇ ಬಲೆಯೂ ಹೆರಿಂಗ್ ಮೀನೂ ಇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವರು ಎರಡು ದೋಣಿಗಳ ನಡುವೆ ಬಲೆಯನ್ನು ಸುತ್ತುವರಿಸಿ ಹಿಂಡುಹಿಂಡಾಗಿ ಮೀನು ಹಿಡಿಯತೊಡಗಿದರು. ತೇಲುಬಲೆಯವರು ಇದಕ್ಕೆ ವಿರೋಧವಾಗಿ ನಿಂತರು. 1851ರಲ್ಲಿ ಈ ಸುತ್ತುಬಲೆಯು ಕಾನೂನಿನಿಂದ ನಿಷೇಧಿಸಲ್ಪಟ್ಟಿತು. 1867ರಲ್ಲಿ ಆ ನಿಷೇಧವು ರದ್ದಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹೆರಿಂಗ್ ಕ್ಷೀಣಿಸಿ, ಅದನ್ನು ನಂಬಿದ್ದ ದೋಣಿಗಳು ಬೇರೆ ಕೆಲಸಕ್ಕೆ ತಿರುಗಬೇಕಾಯಿತು. ಬಿತ್ತದೆ ಕೊಯ್ಯುವ ಬೆಳೆಗೆ ಮಿತಿಯನ್ನು ತಾವೇ ಇಟ್ಟುಕೊಳ್ಳದಿದ್ದರೆ ಕೊನೆಗೆ ಪ್ರಕೃತಿಯೇ ಇಡುತ್ತದೆ.

ಸಿಂಪಿಯ ಸಾಗುವಳಿ

ಈ ನೀರಿನಲ್ಲಿ ಬಿತ್ತಿ ಕೊಯ್ಯುವ ಬೆಳೆಯು 1978ರಲ್ಲಿ ಮೊದಲಾಯಿತು. ಆರ್ಡ್‌ಕಿಂಗ್ಲಸ್ ಜಹಗೀರನ್ನು 1905ರಲ್ಲಿ ಕೊಂಡಿದ್ದ ಸರ್ ಆಂಡ್ರೂ ನೋಬಲ್ ಎಂಬವರ ವಂಶಸ್ಥರಾದ ಜಾನ್ ನೋಬಲ್ ಎಂಬವರಿಗೆ ಆಸ್ತಿಯೊಡನೆ ಸಾಲದ ಹೊರೆಯೂ ಬಂದಿತ್ತು. ಅವರು ಜಲಜೀವಿಗಳ ವಿಷಯವನ್ನು ಬಲ್ಲ ಆಂಡ್ರೂ ಲೇನ್ ಎಂಬವರೊಡನೆ ಸೇರಿ, ಕಡಲತೋಳಿನ ತುದಿಯಲ್ಲಿ ಸಿಂಪಿಯನ್ನು ಬೆಳೆಸುವ ಉದ್ಯಮವನ್ನು ಹೂಡಿದರು. ಹೊಳೆಯು ತಂದು ಹರವಿದ ಜಲ್ಲಿಯ ತಟವು ಇಳಿತದಲ್ಲಿ ತೆರವಾಗಿ ಭರತದಲ್ಲಿ ಮುಳುಗುತ್ತದೆ. ಯಾರಿಗೂ ಬೇಡದ ಆ ನೆಲವೇ ಅವರ ಹೊಲವಾಯಿತು.

ಈ ಸಾಗುವಳಿಯ ಕ್ರಮವು ಹೀಗಿದೆ. ಬ್ರಿಟನ್ನಿನ ಸ್ಥಳೀಯ ಸಿಂಪಿಯು ಅತಿಯಾಗಿ ಹಿಡಿಯಲ್ಪಟ್ಟು ವಿರಳವಾದುದರಿಂದ, ಶೀಘ್ರವಾಗಿ ಬೆಳೆಯುವ ಪೆಸಿಫಿಕ್ ಸಾಗರದ ಸಿಂಪಿಯನ್ನು ಬೆಳೆಸುತ್ತಾರೆ. ಸ್ಕಾಟ್ಲೆಂಡಿನ ತಣ್ಣೀರಿನಲ್ಲಿ ಅದು ಬೆಳೆಯುವುದಾದರೂ ಮರಿಮಾಡುವುದು ಅಪರೂಪ. ಆದುದರಿಂದ ಬೆಚ್ಚಗಿನ ನೀರಿನ ತೊಟ್ಟಿಗಳಲ್ಲಿ ಮರಿಮಾಡಿಸಿ, ಸಣ್ಣ ಬೀಜಸಿಂಪಿಗಳನ್ನು ತರಿಸುತ್ತಾರೆ. ಅವನ್ನು ಜಾಲರಿಯ ಚೀಲಗಳಲ್ಲಿ ತುಂಬಿ, ತಟದ ಮೇಲೆ ನಿಲ್ಲಿಸಿದ ಗಿಡ್ಡ ಕಬ್ಬಿಣದ ಮೇಜುಗಳಿಗೆ ಕಟ್ಟುತ್ತಾರೆ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಇಳಿತದಲ್ಲಿ ಮೇಜುಗಳು ಪೂರ್ತಿ ತೆರವಾಗುತ್ತವೆ. ಕೆಲಸವೆಲ್ಲ ಆಗಲೇ ನಡೆಯಬೇಕು. ಇಳಿತವು ನಡುರಾತ್ರಿಯಲ್ಲಿ ಬಂದರೆ ದೀಪ ಹಿಡಿದು ಹೋಗಬೇಕು. ಚೀಲಗಳನ್ನು ಆಗಾಗ್ಗೆ ಅಲುಗಿಸಿ ತಿರುಗಿಸದಿದ್ದರೆ ಸಿಂಪಿಗಳು ಒಂದಕ್ಕೊಂದು ಅಂಟಿಕೊಂಡು ವಕ್ರವಾಗಿ ಬೆಳೆಯುತ್ತವೆ, ಕಡಲಪಾಚಿಯು ಚೀಲವನ್ನು ಮುಚ್ಚಿ ನೀರು ಆಡದಂತೆ ಮಾಡುತ್ತದೆ. ಬೆಳೆದಂತೆಲ್ಲ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ತೆಳುವಾಗಿ ಹಂಚಬೇಕು. ಪೈರಿನಲ್ಲಿ ಒತ್ತಾದ ಸಸಿಗಳನ್ನು ಕಿತ್ತು ಅಂತರವಿಡುವಂತೆಯೇ ಇದು. ಮಾರಾಟಕ್ಕೆ ಬರುವಷ್ಟು ಬೆಳೆಯಲು ಎರಡರಿಂದ ನಾಲ್ಕು ವರ್ಷಗಳು ಹಿಡಿಯುತ್ತವೆ.

ಇದಕ್ಕೆ ಮೇವು ಹಾಕಬೇಕಾದುದಿಲ್ಲ, ಗೊಬ್ಬರವೂ ಬೇಡ. ಸಿಂಪಿಯು ನೀರನ್ನು ಒಳಕ್ಕೆ ಎಳೆದು ಅದರಲ್ಲಿರುವ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಸಸ್ಯಗಳನ್ನು ಸೋಸಿ ತಿನ್ನುತ್ತದೆ. ಬೆಳೆದ ಒಂದು ಸಿಂಪಿಯು ಒಂದು ದಿನದಲ್ಲಿ ನೂರು ಲೀಟರಿಗೂ ಮೇಲ್ಪಟ್ಟು ನೀರನ್ನು ಸೋಸಬಲ್ಲದು. ಅದರ ಲಾಭವೂ ಅಪಾಯವೂ ಈ ಗುಣದಲ್ಲಿಯೇ ಇವೆ.

ನೀರಿನ ನೈರ್ಮಲ್ಯ

ನೀರಿನಲ್ಲಿ ಮಲದ ಸೋಂಕಿದ್ದರೆ ಸಿಂಪಿಯು ಆಹಾರದೊಡನೆ ಅದನ್ನೂ ಶೇಖರಿಸಿಕೊಳ್ಳುತ್ತದೆ. ಜನರು ಅದನ್ನು ಬಹುಮಟ್ಟಿಗೆ ಹಸಿಯಾಗಿ ತಿನ್ನುವುದರಿಂದ ರೋಗವು ನೇರವಾಗಿ ಅಂಟುತ್ತದೆ. ಆದುದರಿಂದ ಬ್ರಿಟನ್ನಿನಲ್ಲಿ ಸರ್ಕಾರದವರು ಸಿಂಪಿ ಬೆಳೆಯುವ ನೀರನ್ನು ದರ್ಜೆಗಳಾಗಿ ವಿಂಗಡಿಸುತ್ತಾರೆ. ಬಹುಪಾಲು ಮಾದರಿಗಳಲ್ಲಿ ನೂರು ಗ್ರಾಂ ಮಾಂಸಕ್ಕೆ ಇ. ಕೊಲೈ ಎಂಬ ಸೂಕ್ಷ್ಮಾಣುಗಳು 230ಕ್ಕೆ ಮೀರದಿದ್ದರೆ ಮೊದಲನೆಯ ದರ್ಜೆ. ಅಲ್ಲಿಯ ಸಿಂಪಿಯನ್ನು ನೇರವಾಗಿ ಮಾರಬಹುದು. ಅದಕ್ಕೆ ಮೀರಿ 4,600ರ ವರೆಗೆ ಇದ್ದರೆ ಎರಡನೆಯ ದರ್ಜೆ. ಅಂಥ ಸಿಂಪಿಯನ್ನು ಶುದ್ಧವಾದ ಕಡಲನೀರಿನ ತೊಟ್ಟಿಯಲ್ಲಿಟ್ಟು, ಸಾಮಾನ್ಯವಾಗಿ 42 ಘಂಟೆಗಳ ಕಾಲ ತನ್ನೊಳಗಿನ ಕಲ್ಮಷವನ್ನು ತಾನೇ ಹೊರಹಾಕುವಂತೆ ಬಿಡಬೇಕು. ಕೆಲವು ಕಾಲಗಳಲ್ಲಿ ನೀರಿನ ಸೂಕ್ಷ್ಮ ಸಸ್ಯಗಳಿಂದಲೇ ವಿಷವುಂಟಾದರೆ ಕೊಯ್ಲನ್ನು ಪೂರ್ತಿ ನಿಲ್ಲಿಸುತ್ತಾರೆ.

ಲಾಖ್ ಫೈನಿನ ಮಧ್ಯದಲ್ಲಿ, ಆಟರ್ ಎಂಬಲ್ಲಿ, ನೀರಿನೊಳಗೆ ಹಿಮನದಿಯು ಬಿಟ್ಟುಹೋದ ಒಂದು ದಿಬ್ಬವು ಅಡ್ಡಗಟ್ಟೆಯಂತೆ ಇದೆ. ಅದರಿಂದ ಮೇಲ್ಭಾಗದ ಆಳದ ನೀರು ಹೊರಸಮುದ್ರದೊಡನೆ ಬೇಗ ಬೆರೆಯುವುದಿಲ್ಲ. ಬೆಟ್ಟದಲ್ಲಿ ಬಿದ್ದ ಮಳೆಯೆಲ್ಲ ಮೇಲ್ತುದಿಗೇ ಇಳಿಯುತ್ತದೆ. ಆದುದರಿಂದ ಮನೆಯ ಕಕ್ಕಸಿನ ಗುಂಡಿ, ದನದ ಕೊಟ್ಟಿಗೆಯ ಗಂಜಲ, ಹೊಲಕ್ಕೆ ಚೆಲ್ಲಿದ ಗೊಬ್ಬರ, ಕಾಡು ಕಡಿದಾಗ ಕೊಚ್ಚಿಬಂದ ಮಣ್ಣು ಇವುಗಳ ವಿಷಯದಲ್ಲಿ ಒಬ್ಬನು ಮಾಡಿದ ಅಲಕ್ಷ್ಯವು ಕೆಳಗಿರುವ ಎಲ್ಲರ ಬೆಳೆಗೂ ತಗಲುತ್ತದೆ. ಬೆಟ್ಟದ ತುದಿಯಿಂದ ಕಡಲಿನ ತಟದವರೆಗೆ ಇರುವುದು ಒಂದೇ ಹೊಲವೆಂದು ತಿಳಿದು ನಡೆಯುವುದೇ ಇಲ್ಲಿಯ ಬೇಸಾಯದ ಮೂಲಸೂತ್ರವು.

ಹುಟ್ಟುವಳಿಯನ್ನು ಊರಿನಲ್ಲಿಯೇ ಹಸನುಮಾಡುವುದು

ಈ ಉದ್ಯಮಗಾರರು ಬೆಳೆದುದನ್ನು ಬರಿದೇ ಮೂಟೆಕಟ್ಟಿ ಪಟ್ಟಣಕ್ಕೆ ಕಳುಹಿಸಲಿಲ್ಲ. ಮೊದಲು ರಸ್ತೆಯ ಬದಿಯಲ್ಲಿ ದಾರಿಹೋಕರಿಗೆ ಮಾರಿದರು. 1980ರ ದಶಕದಲ್ಲಿ ಕ್ಲಾಖನ್ನಿನ ಹಳೆಯ ದನದ ಕೊಟ್ಟಿಗೆಯನ್ನೇ ಊಟದ ಮನೆಯನ್ನಾಗಿ ಮಾರ್ಪಡಿಸಿದರು. ಮೀನನ್ನು ಹೊಗೆಗೆ ಹಿಡಿದು ಕೆಡದಂತೆ ಮಾಡಿ, ದೇಶಾಂತರಗಳಿಗೂ ಕಳುಹಿಸಿದರು. ಒಂದು ಸಿಂಪಿಗೆ ಬೆಳೆಗಾರನಲ್ಲಿ ದೊರೆಯುವ ಬೆಲೆಗೂ, ಅದೇ ಸಿಂಪಿಗೆ ಊಟದ ತಟ್ಟೆಯಲ್ಲಿ ದೊರೆಯುವ ಬೆಲೆಗೂ ಇರುವ ಅಂತರವೇ ಊರಿನ ಕೂಲಿಯಾಗಿ ಪರಿಣಮಿಸಿತು. ಇಷ್ಟು ಚಿಕ್ಕ ಸ್ಥಳದಲ್ಲಿ ಸುಮಾರು ನೂರು ಮಂದಿಗೆ ಕೆಲಸವಾಯಿತು. ಕುರಿಯಾಗಲಿ ಮರವಾಗಲಿ ವಿದ್ಯುತ್ತಾಗಲಿ ಇದನ್ನು ಮಾಡಿರಲಿಲ್ಲ.

ಅದೇ ಪ್ರಕಾರ ಫೈನ್ ಕಣಿವೆಯ ಅಖದೂನನ್ ಎಂಬ ಒಕ್ಕಲಿನಲ್ಲಿ ಹಾಲಿನ ವ್ಯವಸಾಯವು ಲಾಭಕರವಾಗದೆ ಹೋದಾಗ, ಹಾಲು ಕರೆಯುವ ಕೊಟ್ಟಿಗೆಯಲ್ಲಿ 2001ರಲ್ಲಿ ಬಿಯರ್ ತಯಾರಿಸುವ ಸಣ್ಣ ಕಾರ್ಖಾನೆಯನ್ನು ಹೂಡಿದರು. ಬೆಟ್ಟದ ನಿರ್ಮಲವಾದ ನೀರೇ ಅದರ ಬಂಡವಾಳ. ಸಾರ ತೆಗೆದು ಉಳಿದ ಬಾರ್ಲಿಯ ಹಿಪ್ಪೆಯು ದನಗಳ ಮೇವಾಯಿತು. ಊರವರ ಸಂಘದವರೂ ಸುತ್ತಲಿನ ಕಾಡಿನ ಮರವನ್ನು ಚೂರುಮಾಡಿ, ಮೀನುಮರಿ ಬೆಳೆಸುವ ಕಾರ್ಖಾನೆಗೆ ನೀರು ಕಾಯಿಸುವ ಸೌದೆಯಾಗಿ ಒದಗಿಸುವ ಉದ್ಯಮವನ್ನು ಕೈಗೊಂಡರು. ಹೀಗೆ ಹಿಂದೆ ಹೊರಕ್ಕೆ ಹೋಗುತ್ತಿದ್ದ ಪದಾರ್ಥದ ಒಂದು ಭಾಗವು ಊರಿನಲ್ಲಿಯೇ ಬೆಲೆಯಾಯಿತು.

ಒಡೆತನದ ಪ್ರಶ್ನೆ ಮತ್ತು ಇತರ ತೊಂದರೆಗಳು

2002ರಲ್ಲಿ ಜಾನ್ ನೋಬಲ್ ಅವರು ತೀರಿಕೊಂಡರು. ಉದ್ಯಮವು ಪರಸ್ಥಳದವರ ಕೈಸೇರಿ ಊರಿನಿಂದ ಕದಲಬಹುದೆಂಬ ಶಂಕೆಗೆ ಆಗ ಎಡೆಯುಂಟಾಯಿತು. 2003ರಲ್ಲಿ ಕೆಲಸಗಾರರೇ ಒಂದು ಟ್ರಸ್ಟಿನ ಮೂಲಕ ಅದನ್ನು ಕೊಂಡು ಒಡೆಯರಾದರು. ಈ ಏರ್ಪಾಡು ಸುಮಾರು ಒಂಬತ್ತು ವರ್ಷಗಳು ನಡೆಯಿತು. 2012ರಲ್ಲಿ ಸಂಸ್ಥೆಯು ಮತ್ತೆ ಬೇರೆ ಕಂಪೆನಿಗೆ ಮಾರಾಟವಾಯಿತು. ಆದುದರಿಂದ ಸಹಕಾರದ ಒಡೆತನವು ಒಮ್ಮೆ ಏರ್ಪಟ್ಟಿತೆಂದು ಸುಮ್ಮನಿರುವಂತಿಲ್ಲ. ಕೈಯಲ್ಲಿ ಹಿಡಿದುದನ್ನು ಉಳಿಸಿಕೊಳ್ಳುವುದಕ್ಕೆ ಬಂಡವಾಳವೂ ವ್ಯವಹಾರಜ್ಞಾನವೂ ಎಡೆಬಿಡದೆ ಬೇಕಾಗುತ್ತವೆ.

ದಾರಿಯ ಚಿಂತೆ ಬೇರೆ. ಗ್ಲಾಸ್ಗೋ ಪಟ್ಟಣದ ಕಡೆಯಿಂದ ಬರುವ ಹೆದ್ದಾರಿಯು 800 ಅಡಿಗಿಂತ ಎತ್ತರದ ಒಂದು ಕಣಿವೆಬಾಯಿಯನ್ನು ಹಾಯ್ದುಬರಬೇಕು. ಅದಕ್ಕೆ 'ವಿಶ್ರಮಿಸು, ಕೃತಜ್ಞನಾಗಿರು' ಎಂಬರ್ಥದ ಹೆಸರಿದೆ. ಹದಿನೆಂಟನೆಯ ಶತಮಾನದಲ್ಲಿ ರಸ್ತೆ ಮಾಡಿದ ಸಿಪಾಯಿಗಳು ಏರಿನ ತುದಿಯ ಕಲ್ಲಿನಲ್ಲಿ ಕೊರೆದ ಮಾತು ಅದು. ಅಲ್ಲಿ ದೊಡ್ಡ ಮಳೆ ಬಿದ್ದಾಗ ಗುಡ್ಡವು ಜರಿದು ರಸ್ತೆ ಮುಚ್ಚಿಹೋಗುತ್ತದೆ. 2020ರ ಆಗಸ್ಟಿನಲ್ಲಿ ಸಾವಿರಾರು ಟನ್ನು ಕಲ್ಲುಮಣ್ಣು ಕುಸಿಯಿತು. ಜೀವಂತವಾಗಿ ಸಾಗಿಸಬೇಕಾದ ಸಿಂಪಿಗೂ, ಶಾಲೆಗೂ ಆಸ್ಪತ್ರೆಗೂ ಹೋಗಬೇಕಾದ ಜನರಿಗೂ ಇದರಿಂದಾಗುವ ನಷ್ಟವು ಒಂದೇ ಬಗೆಯದು.

ಸಾರಾಂಶ

ಈ ಹಳ್ಳಿಯ ವೃತ್ತಾಂತದಿಂದ ಮೂರು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದಾಗಿ, ನೆಲಕ್ಕೆ ಒಗ್ಗದ ಬೆಳೆಯನ್ನು ಬಲವಂತಮಾಡುವುದಕ್ಕಿಂತ ಆ ನೆಲವೂ ನೀರೂ ಯಾವುದನ್ನು ತಾವಾಗಿ ಕೊಡಬಲ್ಲುವೆಂಬುದನ್ನು ಕಂಡುಹಿಡಿಯುವುದು ಲೇಸು. ಎರಡನೆಯದಾಗಿ, ಹುಟ್ಟುವಳಿಯನ್ನು ಹುಟ್ಟಿದ ಸ್ಥಳದಲ್ಲಿಯೇ ಹಸನುಮಾಡಿದಷ್ಟೂ ಊರಿನ ಜನರು ಊರಿನಲ್ಲಿ ಉಳಿಯುತ್ತಾರೆ. ಮೂರನೆಯದಾಗಿ, ಮೇಲಿನವನು ನೀರನ್ನು ಕೆಡಿಸಿದರೆ ಕೆಳಗಿನವನ ಶ್ರಮವು ಮಣ್ಣುಪಾಲು. ನೀರಿನ ನೈರ್ಮಲ್ಯವು ಒಬ್ಬೊಬ್ಬರ ಸೊತ್ತಲ್ಲ, ಊರಿನ ಸೊತ್ತು. ಕೆರೆಯ ಕೆಳಗಿನ ಒಕ್ಕಲಿಗನಿಗೆ ಈ ಕಡೆಯ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.